ಮಳೆಗಾಲ ಮುಗಿದೊಡನೆ ಮೀನು ದಡಕ್ಕೇಕೆ ಬರುತ್ತದೆ?

ಕಾರವಾರದಿಂದ ಉಳ್ಳಾಲದ ಆಚೆಯವರೆಗೆ ಸುಮಾರು 300 ಕಿಲೋಮೀಟರುಗಳಷ್ಟು ಉದ್ದಕ್ಕೆ ಅರಬ್ಬೀ ಸಮುದ್ರವು ನಮ್ಮ ನಾಡಿನ ಪಶ್ಚಿಮದ ಅಂಚನ್ನು ತೊಳೆಯುತ್ತಿದೆ. ಈ ಕರಾವಳಿಯಲ್ಲಿ ಮೀನುಗಾರನಿಗೆ ವರ್ಷದ ಹನ್ನೆರಡು ತಿಂಗಳುಗಳೂ ಒಂದೇ ತೆರನಾಗಿರುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕಡಲು ಉಗ್ರವಾಗಿರುತ್ತದೆ, ದೋಣಿಗಳು ದಡವೇರಿರುತ್ತವೆ. ಶ್ರಾವಣದ ನೂಲ ಹುಣ್ಣಿಮೆಯ ಸುಮಾರಿಗೆ ಸಮುದ್ರಪೂಜೆ ನಡೆಯುತ್ತದೆ. ಅಲೆಗಳ ಆರ್ಭಟ ತಗ್ಗುತ್ತದೆ. ಅಲ್ಲಿಂದ ಮುಂದೆ, ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಬಂಗುಡೆ ಮತ್ತು ಬೂತಾಯಿ ಮೀನುಗಳು ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರುತ್ತವೆ. ದಡದಲ್ಲಿ ನಿಂತವರ ಕಣ್ಣಿಗೇ ಕಾಣುವಷ್ಟು ಹತ್ತಿರಕ್ಕೆ ಅವು ಬರುವುದುಂಟು.

ಈ ಮೀನುಗಳು ಇದೇ ಕಾಲದಲ್ಲಿ ಬರುವುದೇಕೆ? ಮಾರ್ಚಿಯಲ್ಲಿ ಕಡಲು ಇದಕ್ಕಿಂತಲೂ ಶಾಂತವಾಗಿರುತ್ತದೆ; ಆಗ ಏಕೆ ಬರುವುದಿಲ್ಲ? ದಡದಲ್ಲಿ ಮೀನು ಹೇರಳವಾಗಿ ಕಂಡರೆ ಕಡಲಿನಲ್ಲಿಯೂ ಹೇರಳವಾಗಿದೆಯೆಂದು ಹೇಳಬಹುದೇ? ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮೂರನೆಯದಕ್ಕೂ ದೊರೆಯುತ್ತದೆ. ಕರಾವಳಿಯ ಸಾವಿರಾರು ಕುಟುಂಬಗಳ ಅನ್ನ ಈ ಮೂರನೆಯ ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವುದರಿಂದ ನಾವು ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ.

ಎರಡು ಮೀನುಗಳು

ಮೊದಲು ಈ ಎರಡು ಮೀನುಗಳ ಪರಿಚಯವನ್ನು ಮಾಡಿಕೊಳ್ಳಬೇಕು. ಬಂಗುಡೆಯ ಶಾಸ್ತ್ರೀಯ ನಾಮ ರಾಸ್ಟ್ರೆಲ್ಲಿಗರ್ ಕಾನಗುರ್ತ. ಸಾಧಾರಣವಾಗಿ 20ರಿಂದ 25 ಸೆಂಟಿಮೀಟರ್ ಉದ್ದ ಬೆಳೆಯುವ, ನೀಲಿ ಹಸಿರು ಬೆನ್ನಿನ, ಕದಿರಿನಂತೆ ಎರಡು ತುದಿಗಳಲ್ಲಿಯೂ ಚೂಪಾದ ಮೀನಿದು. ಬೂತಾಯಿಯನ್ನು ಉತ್ತರ ಕನ್ನಡದ ಕಡೆ ತಾರ್ಲೆಯೆಂದೂ ಕೇರಳದಲ್ಲಿ ಮತ್ತಿಯೆಂದೂ ಕರೆಯುತ್ತಾರೆ. ಇದರ ಶಾಸ್ತ್ರೀಯ ನಾಮ ಸಾರ್ಡಿನೆಲ್ಲ ಲಾಂಜಿಸೆಪ್ಸ್. ಇದರ ದೇಹದಲ್ಲಿ ಎಣ್ಣೆಯ ಅಂಶ ಹೆಚ್ಚು. ಹಿಂದೆ ಈ ಎಣ್ಣೆಯನ್ನು ತೆಗೆದು ದೋಣಿಯ ಮರಕ್ಕೆ ಬಳಿಯುತ್ತಿದ್ದರು. ಉಳಿದ ಮೀನನ್ನು ತೆಂಗಿನ ತೋಟಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು.

ಇವೆರಡೂ ತಳದಲ್ಲಿ ವಾಸಿಸದೆ ಮೇಲ್ಪದರದ ನೀರಿನಲ್ಲಿ ಗುಂಪುಗಟ್ಟಿ ಸಂಚರಿಸುವ ಮೀನುಗಳು. ಇವುಗಳ ಆಹಾರವಾದರೋ ಅತಿ ಸೂಕ್ಷ್ಮವಾದುದು. ಬಂಗುಡೆಯ ಕಿವಿರನ್ನು ಎತ್ತಿ ನೋಡಿದರೆ ಅದರ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿ ಜೋಡಿಸಿರುವ ಎಳೆಗಳು ಕಾಣುತ್ತವೆ. ಮೀನು ಬಾಯಿ ತೆರೆದು ಈಜುವಾಗ ನೀರು ಕಿವಿರಿನ ಮೂಲಕ ಹೊರಗೆ ಹೋಗುತ್ತದೆ. ನೀರಿನಲ್ಲಿ ತೇಲುತ್ತಿರುವ ಸಣ್ಣ ಸಸ್ಯಗಳೂ ಪ್ರಾಣಿಗಳೂ ಈ ಎಳೆಗಳಿಗೆ ಸಿಕ್ಕಿಕೊಳ್ಳುತ್ತವೆ. ಹಿಟ್ಟನ್ನು ಜರಡಿ ಹಿಡಿಯುವಂತೆ ಈ ಮೀನುಗಳು ಕಡಲನ್ನು ಜರಡಿ ಹಿಡಿಯುತ್ತವೆ. ಆದುದರಿಂದ ಅವು ಎಲ್ಲಿರುತ್ತವೆಂಬುದನ್ನು ತಿಳಿಯಲು ಅವುಗಳ ಆಹಾರ ಎಲ್ಲಿ ಬೆಳೆಯುತ್ತದೆಂಬುದನ್ನು ಮೊದಲು ಹುಡುಕಬೇಕು.

ಗಾಳಿ ಮತ್ತು ನೀರಿನ ಸಂಬಂಧ

ಕಡಲಿನ ಸೂಕ್ಷ್ಮಸಸ್ಯಗಳಿಗೂ ಹೊಲದ ಪೈರಿನಂತೆ ಬೆಳಕು ಮತ್ತು ಗೊಬ್ಬರ ಎರಡೂ ಬೇಕು. ಬೆಳಕು ಮೇಲ್ಪದರದಲ್ಲಿದೆ. ಗೊಬ್ಬರವೆಂದರೆ ನೈಟ್ರೇಟು, ಫಾಸ್ಫೇಟು, ಸಿಲಿಕೇಟು ಮೊದಲಾದ ಲವಣಗಳು. ಇವು ಹೆಚ್ಚಾಗಿರುವುದು ಕತ್ತಲೆಯ ಆಳದಲ್ಲಿ. ಏಕೆಂದರೆ ಸತ್ತ ಜೀವಿಗಳು ಕೆಳಕ್ಕೆ ಮುಳುಗಿ ಅಲ್ಲಿಯೇ ಕೊಳೆಯುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಮ್ಮ ಕಡಲಿನ ಮೇಲ್ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿದ್ದು, ಹಗುರವಾಗಿ, ತಣ್ಣನೆಯ ಕೆಳನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಬೆಳಕಿರುವಲ್ಲಿ ಗೊಬ್ಬರವಿಲ್ಲ; ಗೊಬ್ಬರವಿರುವಲ್ಲಿ ಬೆಳಕಿಲ್ಲ. ಬೇಸಿಗೆಯಲ್ಲಿ ಮೀನಿನ ಹಿಂಡುಗಳು ದಡದ ಬಳಿ ವಿರಳವಾಗಲು ಇದು ಮುಖ್ಯ ಕಾರಣ.

ಈ ಮುಚ್ಚಳವನ್ನು ಸರಿಸುವುದು ಮಳೆಗಾಲದ ಗಾಳಿ. ಇದಕ್ಕೆ ನೈರುತ್ಯ ಮಾರುತವೆಂದು ಹೆಸರಿದ್ದರೂ ಕರ್ನಾಟಕದ ದಡದ ಸಮೀಪದಲ್ಲಿ ಅದು ಪಶ್ಚಿಮದಿಂದಲೂ ವಾಯವ್ಯದಿಂದಲೂ ಬೀಸುತ್ತದೆ. ಅಂದರೆ ದಡದ ಗುಂಟ ದಕ್ಷಿಣದ ಕಡೆಗೆ ಸಾಗುವ ಒಂದು ಅಂಶ ಅದರಲ್ಲಿದೆ. ಗಾಳಿ ದಕ್ಷಿಣಕ್ಕೆ ತಳ್ಳಿದರೆ ನೀರೂ ದಕ್ಷಿಣಕ್ಕೇ ಹೋಗಬೇಕಲ್ಲವೇ ಎಂದು ಕೇಳಬಹುದು. ಆದರೆ ಭೂಮಿ ತಿರುಗುತ್ತಿರುವುದರಿಂದ ಉತ್ತರ ಗೋಳಾರ್ಧದಲ್ಲಿ ಚಲಿಸುವ ವಸ್ತುಗಳು ತಮ್ಮ ಬಲಕ್ಕೆ ಓರೆಯಾಗುತ್ತವೆ. 1893ರಿಂದ 1896ರವರೆಗೆ ಉತ್ತರಧ್ರುವ ಸಾಗರದಲ್ಲಿ ಹಿಮದ ನಡುವೆ ಸಂಚರಿಸಿದ ನಾರ್ವೆ ದೇಶದ ನಾನ್ಸೆನ್ ಎಂಬುವರು, ಹಿಮದ ಹಾಸುಗಳು ಗಾಳಿಯ ದಿಕ್ಕಿಗೆ ಸರಿಯಾಗಿ ಸಾಗದೆ ಅದರ ಬಲಕ್ಕೆ ಸರಿಯುವುದನ್ನು ಗಮನಿಸಿದರು. ಸ್ವೀಡನ್ನಿನ ಎಕ್ಮನ್ ಎಂಬ ವಿಜ್ಞಾನಿ 1905ರಲ್ಲಿ ಇದನ್ನು ಗಣಿತದ ಮೂಲಕ ವಿವರಿಸಿದರು. ಗಾಳಿ ನೂಕುವ ಪದರವನ್ನು ಒಟ್ಟಾಗಿ ಪರಿಗಣಿಸಿದರೆ ನೀರು ಗಾಳಿಗೆ ಲಂಬವಾಗಿ ಬಲಕ್ಕೆ ಸಾಗುತ್ತದೆಂಬುದು ಅವರ ನಿರ್ಣಯ.

ವಾಚಕರು ಮಲ್ಪೆಯ ದಡದಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಂತಿರುವಂತೆ ಭಾವಿಸಿಕೊಳ್ಳಲಿ. ಎಡಕ್ಕೆ ನೆಲ, ಬಲಕ್ಕೆ ಕಡಲು. ದಕ್ಷಿಣಕ್ಕೆ ಬೀಸುವ ಗಾಳಿ ಮೇಲ್ನೀರನ್ನು ಬಲಕ್ಕೆ, ಎಂದರೆ ದಡದಿಂದ ದೂರಕ್ಕೆ, ಸರಿಸುತ್ತದೆ. ಹೀಗೆ ತೆರವಾದ ಸ್ಥಳಕ್ಕೆ ಎಡದಿಂದ ನೀರು ಬರುವಂತಿಲ್ಲ, ಅಲ್ಲಿರುವುದು ನೆಲ. ಆದ್ದರಿಂದ ನೀರು ಕೆಳಗಿನಿಂದಲೇ ಏರಿಬರಬೇಕು. ತಣ್ಣನೆಯ, ಲವಣಸಮೃದ್ಧವಾದ ಆಳದ ನೀರು ಹೀಗೆ ಮೇಲೇರುವುದನ್ನು ಊರ್ಧ್ವಪ್ರವಾಹವೆನ್ನುತ್ತಾರೆ. ಇದು ಕೇರಳದ ದಕ್ಷಿಣದ ತುದಿಯಲ್ಲಿ ಮೊದಲು ಆರಂಭವಾಗಿ ಕ್ರಮೇಣ ಉತ್ತರಕ್ಕೆ ಸರಿಯುತ್ತ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಕೇರಳದ ತೀರದಲ್ಲಿ ಇದು ಪ್ರಬಲ. ನಮ್ಮಲ್ಲಿ ಸ್ವಲ್ಪ ಮಂದ.

ಕಣ್ಣಿಗೆ ಕಾಣದ ಹುಲ್ಲುಗಾವಲು

ಆಳದ ಲವಣಗಳು ಬೆಳಕಿನ ಪದರಕ್ಕೆ ಬಂದೊಡನೆ ಡಯಾಟಮುಗಳೆಂಬ ಏಕಕೋಶಸಸ್ಯಗಳು ಅಪಾರವಾಗಿ ವೃದ್ಧಿಯಾಗುತ್ತವೆ. ಇವುಗಳ ಕವಚ ಗಾಜಿನ ಮೂಲವಸ್ತುವಾದ ಸಿಲಿಕದಿಂದ ರಚಿತವಾದುದು. ಇವನ್ನು ತಿಂದು ಕೋಪಿಪಾಡುಗಳೆಂಬ ಸಣ್ಣ ಚಿಪ್ಪುಜೀವಿಗಳು ಬೆಳೆಯುತ್ತವೆ. ಬೂತಾಯಿ ಡಯಾಟಮುಗಳನ್ನೇ ನೇರವಾಗಿ ಜರಡಿ ಹಿಡಿಯುತ್ತದೆ. ಬಂಗುಡೆಗೆ ಕೋಪಿಪಾಡುಗಳೂ ಪ್ರಿಯ. ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮು ಹೇರಳವಾಗಿ ಕಂಡಲ್ಲಿ ಬೂತಾಯಿಯೂ ಹೇರಳವಾಗಿರುವುದನ್ನು ನಮ್ಮ ದೇಶದ ವಿಜ್ಞಾನಿಗಳಾದ ನಾಯರ್ ಮತ್ತು ಸುಬ್ರಹ್ಮಣ್ಯನ್ 1955ರಲ್ಲಿ ತೋರಿಸಿಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಸಸ್ಯವೊಂದು ಮೀನಿನ ಸುಗ್ಗಿಯ ಸೂಚಕವಾಯಿತು.

ಪ್ರಕೃತಿಯ ಹೊಂದಾಣಿಕೆ ಇಲ್ಲಿಗೇ ಮುಗಿಯುವುದಿಲ್ಲ. ಬೂತಾಯಿ ಮೊಟ್ಟೆಯಿಡುವುದು ಬಹುಮಟ್ಟಿಗೆ ಮಳೆಗಾಲದಲ್ಲಿಯೇ. ಒಂದು ಹೆಣ್ಣುಮೀನು ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹೊರಬಂದಾಗ ಅವುಗಳ ಸುತ್ತಲೂ ಹುಲ್ಲುಗಾವಲು ಸಿದ್ಧವಾಗಿರುತ್ತದೆ. ಅಕ್ಟೋಬರಿನ ಹೊತ್ತಿಗೆ ಈ ಮೂರು, ನಾಲ್ಕು ತಿಂಗಳ ಎಳೆಯ ಮೀನುಗಳು ದಡದ ಸಮೀಪದಲ್ಲಿ ಹಿಂಡಾಗಿರುತ್ತವೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರಲಿದೆ.

ಉಸಿರುಕಟ್ಟಿಸುವ ನೀರು

ಆಹಾರವು ಮೀನನ್ನು ದಡದ ಕಡೆಗೆ ಸೆಳೆಯುತ್ತದೆ. ಅದರ ಜೊತೆಗೆ ಹಿಂದಿನಿಂದ ತಳ್ಳುವ ಶಕ್ತಿಯೂ ಒಂದಿದೆ. ಮೇಲೇರಿಬರುವ ನೀರಿನಲ್ಲಿ ಲವಣ ಹೆಚ್ಚಿರುವಂತೆಯೇ ಆಮ್ಲಜನಕ ಕಡಮೆಯಾಗಿರುತ್ತದೆ. ಏಕೆಂದರೆ ಆಳದಲ್ಲಿ ಕೊಳೆಯುವ ಕ್ರಿಯೆ ಆಮ್ಲಜನಕವನ್ನು ಮುಗಿಸಿರುತ್ತದೆ. ಗಾಳಿಯ ಸಂಪರ್ಕವಿರುವ ಬೆಚ್ಚನೆಯ ಮೇಲ್ನೀರಿನ ಒಂದು ಲೀಟರಿನಲ್ಲಿ ಸುಮಾರು 4ರಿಂದ 5 ಮಿಲಿಲೀಟರ್ ಆಮ್ಲಜನಕ ಕರಗಿದ್ದರೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಅದು ಅರ್ಧ ಮಿಲಿಲೀಟರಿಗಿಂತಲೂ ಕೆಳಗಿಳಿಯುವುದುಂಟು. ಇದರ ಮೇಲೆ ಮಳೆಯ ಮತ್ತು ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳ ಸಿಹಿನೀರು ತೆಳುವಾದ ಹೊದಿಕೆಯಂತೆ ಹರಡಿಕೊಂಡಿರುತ್ತದೆ. ಆ ಹೊದಿಕೆಯು ಗಾಳಿಯ ಆಮ್ಲಜನಕ ಕೆಳಕ್ಕಿಳಿಯದಂತೆ ತಡೆಯುತ್ತದೆ.

ಕೊಚ್ಚಿಯ ಬಳಿ ಅಧ್ಯಯನ ನಡೆಸಿದ ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ, ಇಂತಹ ನೀರು ತಳವನ್ನು ಆವರಿಸಿದಾಗ ತಳದ ಮೀನುಗಳು ಆ ಪ್ರದೇಶವನ್ನು ಬಿಟ್ಟುಹೋಗುತ್ತವೆಂದು 1959ರಲ್ಲಿ ಪ್ರಕಟಿಸಿದರು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಆಮ್ಲಜನಕದ ಕೊರತೆಯನ್ನು ಮತ್ತಷ್ಟು ವಿವರವಾಗಿ ಅಳೆದಿದ್ದಾರೆ. ಬಂಗುಡೆ, ಬೂತಾಯಿಗಳಿಗೆ ಆಗ ಉಳಿಯುವುದು ಮೇಲಿನ ತೆಳುಪದರ ಮತ್ತು ಅಲೆಗಳು ಮುರಿದು ಗಾಳಿಯನ್ನು ಬೆರೆಸುವ ದಡದ ಪಟ್ಟಿ. ಮುಂದೆ ಆಹಾರ, ಕೆಳಗೆ ಉಸಿರಾಡಲಾಗದ ನೀರು. ಇವೆರಡರ ನಡುವೆ ಹಿಂಡು ಒತ್ತೊತ್ತಾಗುತ್ತದೆ.

ನವೆಂಬರಿನ ಸುಮಾರಿಗೆ ಕಡಲಿನ ಪ್ರವಾಹ ದಿಕ್ಕನ್ನು ಬದಲಿಸುತ್ತದೆ. ಅಲ್ಲಿಯವರೆಗೆ ದಡದ ಗುಂಟ ದಕ್ಷಿಣಕ್ಕೆ ಹರಿಯುತ್ತಿದ್ದ ನೀರು ಉತ್ತರಕ್ಕೆ ಹರಿಯಲಾರಂಭಿಸುತ್ತದೆ. ತಣ್ಣೀರು ಮತ್ತೆ ಆಳಕ್ಕಿಳಿಯುತ್ತದೆ. ತಳದಲ್ಲಿ ಆಮ್ಲಜನಕ ತುಂಬುತ್ತದೆ. ಮೀನುಗಳ ಮುಂದೆ ವಿಶಾಲವಾದ ಕಡಲು ಮತ್ತೆ ತೆರೆದುಕೊಳ್ಳುತ್ತದೆ. ಜನವರಿ ಕಳೆಯುವ ಹೊತ್ತಿಗೆ ದಡದ ಹಿಂಡುಗಳು ಚದರಿಹೋಗುತ್ತವೆ. ಮಾರ್ಚಿಯ ಶಾಂತವಾದ ಕಡಲು ಬರಿದಾಗಿ ಕಾಣುವುದೇಕೆಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ.

ರಂಪಣಿಯ ಕಾಲ

ವಿಜ್ಞಾನವು ಈ ಕಾರಣಗಳನ್ನು ಕಂಡುಹಿಡಿಯುವುದಕ್ಕೆ ಬಹು ಹಿಂದೆಯೇ ಕರಾವಳಿಯ ಜನ ಇದರ ಫಲವನ್ನು ಅರಿತಿದ್ದರು. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಮೊದಲಾದವರು ಬಳಸಿದ ರಂಪಣಿ ಬಲೆ ಈ ಕಾಲಕ್ಕೆಂದೇ ರೂಪುಗೊಂಡಂತಿದೆ. ಇದು ದಡಕ್ಕೆ ಎಳೆಯುವ ಬಲೆ. ಅನೇಕ ತುಂಡುಗಳನ್ನು ಜೋಡಿಸಿದ ದೊಡ್ಡ ರಂಪಣಿಯ ಉದ್ದ ಒಂದು ಕಿಲೋಮೀಟರನ್ನು ಮೀರುತ್ತಿತ್ತು. ಹಗಲಿನಲ್ಲಿ ನೀರಿನ ಬಣ್ಣ ಕಪ್ಪಾಗುವುದನ್ನೂ, ತುಂತುರು ಮಳೆ ಬಿದ್ದಂತೆ ಮೇಲ್ಮೈ ಕದಡುವುದನ್ನೂ, ಹಕ್ಕಿಗಳು ಎರಗುವುದನ್ನೂ ನೋಡಿ ಹಿಂಡನ್ನು ಗುರುತಿಸುತ್ತಿದ್ದರು. ಇರುಳಿನಲ್ಲಿ ಮೀನಿನ ಚಲನೆಯಿಂದ ಕೆರಳಿದ ನಾಕ್ಟಿಲ್ಯೂಕ ಮುಂತಾದ ಸೂಕ್ಷ್ಮಜೀವಿಗಳು ಹೊರಸೂಸುವ ಬೆಳಕು ದಾರಿ ತೋರುತ್ತಿತ್ತು. ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಅರ್ಧವೃತ್ತಾಕಾರವಾಗಿ ಹಿಂಡನ್ನು ಸುತ್ತುವರಿದು, ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿದ್ದರು. ಎಂಬತ್ತು, ನೂರು ಜನ ಕೂಡಿ ಎಳೆಯುತ್ತಿದ್ದರು. ಹಿಂಡು ಬಹು ದೊಡ್ಡದಾಗಿದ್ದರೆ ಬಲೆಯನ್ನು ನೀರಿನಲ್ಲಿಯೇ ಭದ್ರಪಡಿಸಿ, ಮೀನನ್ನು ಜೀವಂತವಾಗಿ ಕೂಡಿಹಾಕಿ, ಕೆಲವು ದಿನಗಳವರೆಗೆ ಸ್ವಲ್ಪಸ್ವಲ್ಪವಾಗಿ ತೆಗೆಯುವ ಪದ್ಧತಿಯೂ ಇದ್ದಿತು. ದೊರೆತ ಮೀನನ್ನು ಪಾಲಿನ ಪ್ರಕಾರ ಹಂಚಿಕೊಳ್ಳುತ್ತಿದ್ದರು.

1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಯಿಂದ ಬೀಸುವ ಪರ್ಸೀನ್ ಬಲೆ ಕರ್ನಾಟಕದ ಕರಾವಳಿಗೆ ಬಂದಿತು. ಇದು ಹಿಂಡನ್ನು ಕಡಲಿನ ನಡುವೆಯೇ ಪೂರ್ಣವೃತ್ತವಾಗಿ ಸುತ್ತುವರಿಯುತ್ತದೆ. ಅನಂತರ ತಳದ ಉಂಗುರಗಳ ಮೂಲಕ ಹಾಯ್ದಿರುವ ಹಗ್ಗವನ್ನು ಎಳೆದರೆ ಹಣದ ಚೀಲದ ಬಾಯಿಯಂತೆ ಬಲೆಯ ಅಡಿ ಮುಚ್ಚಿಕೊಳ್ಳುತ್ತದೆ.

ಇವೆರಡನ್ನೂ ರೇಖಾಗಣಿತದಿಂದ ಹೋಲಿಸಿ ನೋಡೋಣ. ರಂಪಣಿಯ ಉದ್ದ 1,000 ಮೀಟರ್ ಎಂದಿಟ್ಟುಕೊಂಡರೆ ಅರ್ಧವೃತ್ತದ ತ್ರಿಜ್ಯ ಸುಮಾರು 318 ಮೀಟರ್. ಆವರಿಸುವ ವಿಸ್ತೀರ್ಣ ಸುಮಾರು 16 ಹೆಕ್ಟೇರ್. ಪರ್ಸೀನಿನ ಉದ್ದ 500 ಮೀಟರ್ ಎಂದಿಟ್ಟುಕೊಂಡರೆ ವೃತ್ತದ ತ್ರಿಜ್ಯ ಸುಮಾರು 80 ಮೀಟರ್; ವಿಸ್ತೀರ್ಣ ಸುಮಾರು 2 ಹೆಕ್ಟೇರ್. ರಂಪಣಿ ಎಂಟು ಪಾಲು ದೊಡ್ಡದು. ಹಾಗಿದ್ದರೂ ಸ್ಪರ್ಧೆಯಲ್ಲಿ ಅದೇ ಸೋತಿತು. ಏಕೆಂದರೆ ರಂಪಣಿ ಮೀನು ದಡಕ್ಕೆ ಬರುವವರೆಗೆ ಕಾಯಬೇಕು. ಪರ್ಸೀನ್ ಮೀನು ಇದ್ದಲ್ಲಿಗೇ ಹೋಗುತ್ತದೆ, ಒಂದೇ ದಿನ ಹಲವು ಬಾರಿ ಬಲೆ ಬೀಸಬಲ್ಲದು. ಆ ದಶಕದ ಕೊನೆಯ ವರ್ಷಗಳಲ್ಲಿ ಎರಡು ಪಕ್ಷಗಳ ನಡುವೆ ತೀವ್ರವಾದ ವಿರಸ ಉಂಟಾಯಿತು. ಕ್ರಮೇಣ ದೊಡ್ಡ ರಂಪಣಿಗಳು ಕಣ್ಮರೆಯಾದವು. ಸಣ್ಣದಾದ ಕೈರಂಪಣಿ ಮಾತ್ರ ಉಳಿದುಬಂದಿತು.

ರಂಪಣಿಗೆ ಇದ್ದ ಅಸಾಮರ್ಥ್ಯವೇ ಮೀನಿಗೆ ಒಂದು ರಕ್ಷಣೆಯಾಗಿದ್ದಿತು. ದಡಕ್ಕೆ ಬಾರದ ಹಿಂಡು ಬದುಕಿಕೊಳ್ಳುತ್ತಿತ್ತು. ಆ ರಕ್ಷಣೆ ಈಗ ಇಲ್ಲವಾದುದರಿಂದ ಅದರ ಕೆಲಸವನ್ನು ತಿಳಿವಳಿಕೆಯೂ ಕಾನೂನೂ ಮಾಡಬೇಕಾಗಿದೆ.

ದಡದ ಲೆಕ್ಕ, ಕಡಲಿನ ಲೆಕ್ಕ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಹತ್ತು ಕಿಲೋಮೀಟರ್ ಅಗಲದ ಕಡಲಿನ ಪಟ್ಟಿಯೊಂದರಲ್ಲಿ ಹತ್ತು ಲಕ್ಷ ಮೀನುಗಳು ಹರಡಿಕೊಂಡಿವೆಯೆಂದು ಕಲ್ಪಿಸಿಕೊಳ್ಳೋಣ. ಆಮ್ಲಜನಕವಿಲ್ಲದ ನೀರು ಏರಿಬಂದು ಅವುಗಳನ್ನು ದಡದ ಎರಡು ಕಿಲೋಮೀಟರಿಗೆ ತಳ್ಳಿದರೆ ಅಲ್ಲಿನ ಸಾಂದ್ರತೆ ಐದರಷ್ಟಾಗುತ್ತದೆ. ಬಲೆಗೆ ಬೀಳುವ ಮೀನೂ ಐದರಷ್ಟಾಗಬಹುದು. ಆದರೆ ಕಡಲಿನಲ್ಲಿ ಒಂದು ಮೀನೂ ಹೆಚ್ಚಾಗಿಲ್ಲ. ಮೀನಿನ ಸಂಖ್ಯೆ ಐದು ಲಕ್ಷಕ್ಕೆ ಇಳಿದಿದ್ದರೂ ದಡದ ಸಾಂದ್ರತೆ ಮೊದಲಿನ ಎರಡೂವರೆಯಷ್ಟು ಇರುತ್ತದೆ. ಮೀನುಗಾರನು ಒಳ್ಳೆಯ ವರ್ಷವೆಂದೇ ಭಾವಿಸುತ್ತಾನೆ. ಅರ್ಧದಷ್ಟು ಮೀನು ನಾಶವಾಗಿರುವುದು ಬಲೆಯಿಂದ ತಿಳಿಯುವುದಿಲ್ಲ. ದಡದ ಸಮೃದ್ಧಿಯು ಕಡಲಿನ ಸಮೃದ್ಧಿಗೆ ಸಾಕ್ಷಿಯಾಗಲಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದರ ಮೇಲೆ ಪ್ರಕೃತಿಯ ಏರಿಳಿತವೂ ಸೇರುತ್ತದೆ. ಭಾರತದಲ್ಲಿ ಹಿಡಿದ ಬೂತಾಯಿ 1956ರಲ್ಲಿ ಸುಮಾರು ಏಳು ಸಾವಿರ ಟನ್ನುಗಳಾಗಿದ್ದರೆ 1968ರಲ್ಲಿ ಮೂರು ಲಕ್ಷ ಟನ್ನುಗಳಾಗಿದ್ದಿತು. ಕೇರಳ ಒಂದರಲ್ಲಿಯೇ 2012ರಲ್ಲಿ ಸುಮಾರು 3.9 ಲಕ್ಷ ಟನ್ ದೊರೆತುದು 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಮರುವರ್ಷ ಮತ್ತೆ ಒಂದು ಲಕ್ಷ ಟನ್ನನ್ನು ಮೀರಿತು. 1947ರಲ್ಲಿ ಸ್ಥಾಪಿತವಾಗಿ ಈಗ ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆ ಈ ಲೆಕ್ಕಗಳನ್ನಿಡುತ್ತದೆ. 2012ರ ಅನಂತರದ ಕುಸಿತಕ್ಕೆ ಅತಿಯಾದ ಹಿಡಿತವನ್ನೂ, 2015ರ ಎಲ್ ನಿನೊ ಕಾಲದಲ್ಲಿ ಕಡಲಿನ ನೀರು ಬಿಸಿಯಾದುದನ್ನೂ ಅದರ ವಿಜ್ಞಾನಿಗಳು ಕಾರಣವಾಗಿ ಹೇಳಿದ್ದಾರೆ. ಗಾಳಿಯನ್ನೂ ನೀರಿನ ಉಷ್ಣತೆಯನ್ನೂ ನಾವು ಆಳಲಾರೆವು. ಬಲೆಯನ್ನು ಮಾತ್ರ ಆಳಬಲ್ಲೆವು.

ಬೂತಾಯಿಯ ಆಯುಸ್ಸು ಸುಮಾರು ಎರಡೂವರೆ ವರ್ಷ. ಅದು ಮೊದಲ ಬಾರಿಗೆ ಮೊಟ್ಟೆಯಿಡುವಾಗ ಸುಮಾರು 15 ಸೆಂಟಿಮೀಟರ್ ಉದ್ದವಿರುತ್ತದೆ. ಅಲ್ಪಾಯುಷಿಯಾದುದರಿಂದ ಅದರ ಸಂತತಿ ಬೇಗ ಕುಗ್ಗುತ್ತದೆ. ಅವಕಾಶ ದೊರೆತರೆ ಬೇಗ ಚೇತರಿಸಿಕೊಳ್ಳುತ್ತದೆ. ಅಕ್ಟೋಬರಿನ ಎಳೆಯ ಮೀನುಗಳ ಪ್ರಸ್ತಾಪ ಇಲ್ಲಿ ಬರುತ್ತದೆ. ಅವು ಮುಂದಿನ ಮಳೆಗಾಲದ ತಾಯಂದಿರು. ಅವುಗಳನ್ನು ಹಿಡಿದು ಮೀನಿನ ಹಿಟ್ಟಿನ ಕಾರ್ಖಾನೆಗೆ ಕಳುಹಿಸಿದರೆ ದೊರೆಯುವುದು ಅಲ್ಪ ಬೆಲೆ; ಕಳೆಯುವುದು ಬರುವ ವರ್ಷದ ಬೆಳೆ. ಬಿತ್ತನೆಯ ಬೀಜವನ್ನು ಅಡಿಗೆಗೆ ಹಾಕುವ ರೈತನನ್ನು ಯಾರೂ ಜಾಣನೆನ್ನುವುದಿಲ್ಲ.

ಕರ್ನಾಟಕದಲ್ಲಿ 1986ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಜಾರಿಯಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೆ ನಿಷೇಧವಿದೆ. ಮೊಟ್ಟೆಯಿಡುವ ಕಾಲದ ಒಂದು ಭಾಗವನ್ನು ಇದು ಕಾಪಾಡುತ್ತದೆ. ಕೇರಳವು 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಬಾರದೆಂದು ವಿಧಿಸಿದೆ. ಮೊಟ್ಟೆಯಿಡುವ ಗಾತ್ರದೊಡನೆ ಈ ಅಂಕೆಗಳನ್ನು ಹೋಲಿಸಿದರೆ, ಕಾನೂನು ಅತ್ಯಂತ ಚಿಕ್ಕ ಮರಿಗಳನ್ನು ಮಾತ್ರ ರಕ್ಷಿಸುತ್ತದೆಂಬುದು ವ್ಯಕ್ತವಾಗುತ್ತದೆ. ಮಿಕ್ಕುದನ್ನು ಮೀನುಗಾರನ ಸಂಯಮವೂ ಕೊಳ್ಳುವವನ ವಿವೇಕವೂ ಮಾಡಬೇಕು.

ವಿದ್ಯಾರ್ಥಿಗಳಿಗೊಂದು ಅಭ್ಯಾಸ

ಕರಾವಳಿಯ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಸೆಪ್ಟೆಂಬರಿನಿಂದ ಜನವರಿಯವರೆಗೆ ವಾರಕ್ಕೊಮ್ಮೆ ಮೀನಿನ ಮಾರುಕಟ್ಟೆಯಲ್ಲಿ ಇಪ್ಪತ್ತೈದು ಬೂತಾಯಿಗಳನ್ನು ಆರಿಸದೆ, ಕೈಗೆ ಬಂದಂತೆ ತೆಗೆದುಕೊಂಡು, ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಪ್ರತಿ ಸೆಂಟಿಮೀಟರಿಗೆ ಎಷ್ಟು ಮೀನುಗಳೆಂಬುದನ್ನು ಕೋಷ್ಟಕದಲ್ಲಿ ಬರೆದು ನಕ್ಷೆ ಎಳೆಯಬೇಕು. ನಕ್ಷೆಯ ಶಿಖರ ವಾರದಿಂದ ವಾರಕ್ಕೆ ಬಲಕ್ಕೆ ಸರಿಯುತ್ತ ಹೋದರೆ ಮೀನುಗಳು ಬೆಳೆಯುತ್ತಿವೆಯೆಂದು ಅರ್ಥ. 15 ಸೆಂಟಿಮೀಟರಿನ ಎಡಕ್ಕಿರುವ ಮೀನುಗಳು ನೂರಕ್ಕೆ ಎಷ್ಟೆಂದು ಲೆಕ್ಕಹಾಕಿದರೆ, ಒಮ್ಮೆಯೂ ಮೊಟ್ಟೆಯಿಡದೆ ಬುಟ್ಟಿ ಸೇರಿದವುಗಳ ಪ್ರಮಾಣ ಸ್ಥೂಲವಾಗಿ ತಿಳಿಯುತ್ತದೆ. ಸಾಧ್ಯವಾದರೆ ಒಂದು ಮೀನಿನ ಜಠರವನ್ನು ಕೊಯ್ದು, ಅದರೊಳಗಿನ ಪದಾರ್ಥದ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗಾಜಿನ ಕವಚದ ಡಯಾಟಮುಗಳು ಕಂಡಾವು.

ಇದಕ್ಕೆ ಬೇಕಾದ ಮುಖ್ಯ ಉಪಕರಣ ಒಂದು ಅಳತೆಗೋಲು. ಒಂದೇ ಶಾಲೆಯು ಐದಾರು ವರ್ಷ ಈ ಲೆಕ್ಕವನ್ನು ತಪ್ಪದೆ ಇಟ್ಟರೆ, ತನ್ನ ಊರಿನ ಬಲೆಗಳಲ್ಲಿ ಬೂತಾಯಿಯ ಗಾತ್ರ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ಆ ಶಾಲೆಯ ಮಕ್ಕಳೇ ಅಂಕೆಗಳನ್ನು ಮುಂದಿಟ್ಟು ಹೇಳಬಲ್ಲರು.